ಮನೆಗೆ ಕರೆತಂದ ಮೇಲೆ

‘ಇನ್ನು ಮನೆಗೆ ಕರ್ಕೊಂಡು ಹೋಗಿ. ಏನು ಕೇಳ್ತಾರೋ ಕೊಡಿ. ಚೆನ್ನಾಗಿ ನೋಡ್ಕೊಳ್ಳಿ.’

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಈ ಮಾತು ಹೇಳಲು ವೈದ್ಯರಿಗೆ ಅರ್ಧ ನಿಮಿಷ ಸಾಕು. ಬಾಗಿಲ ಹೊರಗೆ ಇನ್ನೂ ನೂರು ಜನ ಕಾದು ನಿಂತಿರುತ್ತಾರೆ, ಅವರನ್ನು ದೂರುವಂತಿಲ್ಲ. ಆದರೆ ಆ ಅರ್ಧ ನಿಮಿಷದ ಮಾತು ಕೇಳಿಸಿಕೊಂಡ ಹೊಸದುರ್ಗದ ಕಡೆಯವರು ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರು ವಾಪಸ್ಸು ಬರಬೇಕು. ರೈಲು ಹತ್ತಿದರೆ ಇಳಿಯುವುದು ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ. ಹೆಸರಿಗಷ್ಟೇ ಅದು ಹೊಸದುರ್ಗ, ಪಟ್ಟಣಕ್ಕೆ ಅಲ್ಲಿಂದ ಮತ್ತೊಂದು ಗಾಡಿ ನೋಡಬೇಕು. ಕಾರು ಮಾಡಿಕೊಂಡರೆ ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ಯಾರಾದರೊಬ್ಬರು ತೊಡೆಯ ಮೇಲಿಟ್ಟುಕೊಂಡು, ಹಿರಿಯೂರಿನ ಹತ್ತಿರ ಎಳನೀರಿಗೆ ನಿಲ್ಲಿಸಿ, ಎರಡು ಗುಟುಕು ಕುಡಿಸಿ ಮತ್ತೆ ಹೊರಡಬೇಕು. ಡಾಕ್ಟರು ಏನಂದರು ಎಂದು ಕಾರಿನಲ್ಲಿ ಯಾರೂ ಕೇಳುವುದಿಲ್ಲ. ಮಲಗಿರುವವರೂ ಕೇಳುವುದಿಲ್ಲ.

ಮನೆ ಮುಟ್ಟಿದ ಮೇಲೆ ಊರು ಬರುತ್ತದೆ. ಬೀಗರು, ಓಣಿಯವರು, ತೋಟದ ಪಕ್ಕದವರು. ಒಬ್ಬೊಬ್ಬರ ಕೈಯಲ್ಲೂ ಬಾಳೆಹಣ್ಣು, ಬಿಸ್ಕತ್ತು ಪೊಟ್ಟಣ, ಹಾರ್ಲಿಕ್ಸ್ ಡಬ್ಬಿ. ಒಬ್ಬರು ‘ಏನೂ ಆಗಲ್ಲ ಬಿಡಪ್ಪ’ ಅನ್ನುತ್ತಾರೆ. ಇನ್ನೊಬ್ಬರು ಯಾವುದೋ ಊರಿನ ನಾಟಿ ಔಷಧದವರ ವಿಳಾಸ ತಂದಿರುತ್ತಾರೆ. ಮತ್ತೊಬ್ಬರು ಜಗಲಿಯಲ್ಲಿ ನಿಂತು, ಒಳಗೆ ಕೇಳುವಷ್ಟು ಜೋರಾಗಿಯೇ, ‘ಎಷ್ಟು ದಿವ್ಸ ಅಂದ್ರಂತೆ?’ ಎಂದು ವಿಚಾರಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ ಬರುವವರು ಕಡಿಮೆಯಾಗುತ್ತಾರೆ. ಆಮೇಲೆ ಉಳಿಯುವುದು ಒಂದು ಮಂಚ, ಅದರ ಮೇಲೆ ದಿನಕ್ಕಷ್ಟು ಸೊರಗುತ್ತಿರುವ ಒಂದು ಜೀವ, ಪಕ್ಕದಲ್ಲಿ ಚಾಪೆ ಹಾಸಿ ಮಲಗುವ ಒಬ್ಬ ಹೆಣ್ಣುಮಗಳು.

ಚೆನ್ನಾಗಿ ನೋಡಿಕೊಳ್ಳುವುದೆಂದರೆ ಏನು ಮಾಡುವುದು ಎಂದು ಆಕೆಗೆ ಯಾರೂ ಹೇಳಿಕೊಟ್ಟಿಲ್ಲ. ನಡುರಾತ್ರಿ ನೋವು ತಡೆಯಲಾರದೆ ಕೂಗಿದರೆ ಯಾವ ಮಾತ್ರೆ, ಎಷ್ಟು? ಮೂರು ದಿನದಿಂದ ಊಟ ಬಿಟ್ಟವರಿಗೆ ಗ್ಲೂಕೋಸ್ ಹಾಕಿಸಬೇಕೋ ಬೇಡವೋ? ಬೆನ್ನ ಕೆಳಗೆ ಕೆಂಪಾದದ್ದು ಬೆವರುಸಾಲೆಯೋ, ಹುಣ್ಣಿನ ಮೊದಲೋ? ಇವು ಅಧ್ಯಾತ್ಮದ ಪ್ರಶ್ನೆಗಳಲ್ಲ. ಪ್ರತಿಯೊಂದಕ್ಕೂ ವೈದ್ಯಶಾಸ್ತ್ರದಲ್ಲಿ ಉತ್ತರವಿದೆ. ‘ಇನ್ನೇನೂ ಮಾಡೋಕಾಗಲ್ಲ’ ಎಂದು ಒಂದು ವೈದ್ಯ ಕೈಬಿಟ್ಟ ಕಡೆಯಿಂದ ಇನ್ನೊಂದು ವೈದ್ಯ ಶುರುವಾಗುತ್ತದೆ. ಪ್ಯಾಲಿಯೇಟಿವ್ ಕೇರ್ ಎಂದು ಅದರ ಹೆಸರು, ಸರ್ಕಾರಿ ಕಾಗದದಲ್ಲಿ ಉಪಶಮನ ಆರೈಕೆ. ದುಬಾರಿಯದಲ್ಲ, ಯಂತ್ರಗಳು ಬೇಕಿಲ್ಲ, ಕಾನೂನಿನ ಅಡ್ಡಿಯೂ ಈಗಿಲ್ಲ. ಆದರೂ ಬಯಲುಸೀಮೆಯ ಹಳ್ಳಿಯ ಮಂಚದವರೆಗೆ ಅದು ನಡೆದು ಬಂದಿಲ್ಲ. ನಮ್ಮವರಿಗೆ ಪ್ರೀತಿಯೇ ಕಡಿಮೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಪ್ರೀತಿ ಬೇಕಾದಷ್ಟಿದೆ. ಆ ಪ್ರೀತಿಗೆ ಕೆಲಸ ಕಲಿಸುವವರಿಲ್ಲ.

ಯಾರಿಗೆ ಹೇಳಬಾರದು?

ಮೊದಲ ಗಂಟು ಬೀಳುವುದು ಮಾತಿನಲ್ಲೇ. ‘ಸಾರ್, ನಮ್ಮಪ್ಪಂಗೆ ಮಾತ್ರ ಹೇಳ್ಬೇಡಿ, ಎದೆ ಒಡ್ಕೊಂಬಿಡ್ತಾರೆ’ ಎಂದು ಮಗ ವೈದ್ಯರ ಕಿವಿಯಲ್ಲಿ ಹೇಳಿರುತ್ತಾನೆ. ಅಪ್ಪನಿಗೆ ಅದು ‘ಹೊಟ್ಟೆ ಹುಣ್ಣು’, ಅಮ್ಮನಿಗೆ ‘ಗರ್ಭಕೋಶದ ಗಡ್ಡೆ’. ಕ್ಯಾನ್ಸರ್ ಎಂಬ ಪದ ಮನೆಯೊಳಗೆ ನಿಷಿದ್ಧ. ಆದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬಂದವರಿಗೆ ತಮ್ಮ ಕಾಯಿಲೆ ತಿಳಿಯದೆ ಇರುತ್ತದೆಯೇ? 1973ರಿಂದ ಇರುವ ಆ ಆಸ್ಪತ್ರೆಯ ಹೆಸರೇ ನಮ್ಮ ಹಳ್ಳಿಗಳಲ್ಲಿ ಕಾಯಿಲೆಯ ಹೆಸರಾಗಿಬಿಟ್ಟಿದೆ. ವಾರಕ್ಕೆ ಐದು ದಿನದಂತೆ ಐದಾರು ವಾರ ‘ಕರೆಂಟು’ ಎನ್ನುವ ವಿಕಿರಣ ಚಿಕಿತ್ಸೆ ಕೊಡಿಸಿಕೊಂಡು, ಧರ್ಮಶಾಲೆಯಲ್ಲಿ ತಮ್ಮಂಥವರ ನಡುವೆಯೇ ಇದ್ದು ಬಂದವರು ಅವರು. ಎಲ್ಲ ಗೊತ್ತು. ಗೊತ್ತೆಂದು ತೋರಿಸಿಕೊಂಡರೆ ಮಕ್ಕಳು ಕುಗ್ಗಿಹೋಗುತ್ತಾರೆಂದು ಅವರೂ ಸುಮ್ಮನಿರುತ್ತಾರೆ. ಹೆಂಡತಿ ಹೊರಗೆ ಹೋದಾಗ ಬಾಮೈದನ ಕೈ ಹಿಡಿದು ‘ನಿಮ್ಮಕ್ಕಂಗೆ ಏನೂ ಹೇಳ್ಬೇಡ ಕಣಪ್ಪ’ ಅನ್ನುತ್ತಾರೆ. ಒಂದೇ ಸೂರಿನಡಿ ಎರಡು ಗುಟ್ಟು, ಎರಡೂ ಒಂದೇ.

ಹೀಗೆ ಸುಮ್ಮನಿರುವುದಕ್ಕೆ ತೆರುವ ಬೆಲೆ ಏನೆಂದು ತಿಥಿ ಮುಗಿದ ಮೇಲೆ ತಿಳಿಯುತ್ತದೆ. ಕೊಬ್ಬರಿ ಮಂಡಿಯಿಂದ ಎಷ್ಟು ಬರಬೇಕಿತ್ತು, ಯಾರಿಗೆ ಕೈಗಡ ಕೊಟ್ಟಿದ್ದರು, ಸೊಸೈಟಿಯ ಸಾಲ ಎಷ್ಟು ಉಳಿದಿದೆ, ಬ್ಯಾಂಕಿನಲ್ಲಿ ನಾಮಿನಿ ಯಾರು, ಪಹಣಿ ಇನ್ನೂ ತಾತನ ಹೆಸರಲ್ಲೇ ಏಕಿದೆ. ಬಾಯಿಬಿಟ್ಟು ಕೇಳಬಹುದಾಗಿದ್ದ ದಿನಗಳಲ್ಲಿ ಮನೆಯವರು ‘ಯುಗಾದಿ ಹೊತ್ತಿಗೆ ಎದ್ದು ಓಡಾಡ್ತೀರ’ ಎಂದು ನಾಟಕ ಆಡುತ್ತಿದ್ದರು. ಲೆಕ್ಕಪತ್ರವನ್ನಾದರೂ ಹೇಗೋ ಸರಿಮಾಡಿಕೊಳ್ಳಬಹುದು. ಹತ್ತು ವರ್ಷ ಮಾತು ಬಿಟ್ಟಿದ್ದ ತಮ್ಮನನ್ನು ಒಮ್ಮೆ ನೋಡಬೇಕೆಂಬ ಆಸೆ ಇತ್ತೋ ಏನೋ, ಅದನ್ನು ಯಾವ ತಾಲ್ಲೂಕು ಕಚೇರಿಯಲ್ಲಿ ಹುಡುಕುವುದು?

ಪಕ್ಕದ ಕಡೂರು ತಾಲ್ಲೂಕಿನ ಪಂಚನಹಳ್ಳಿ ಮೂಲದ ಅಪರ್ಣಾ ಅವರ ದನಿ ಕೇಳದ ಕನ್ನಡಿಗರಿಲ್ಲ. ನಿರೂಪಕಿಯಾಗಿ, ನಟಿಯಾಗಿ, ಬೆಂಗಳೂರು ಮೆಟ್ರೋದ ಕನ್ನಡ ಪ್ರಕಟಣೆಗಳ ದನಿಯಾಗಿ ಮನೆಮಾತಾಗಿದ್ದವರು. 2024ರ ಜುಲೈ 11ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಾಗಲೇ ನಾಡಿಗೆ ಅವರ ಕಾಯಿಲೆ ಗೊತ್ತಾದದ್ದು. ಎರಡು ವರ್ಷದ ಹಿಂದೆಯೇ ಅದು ನಾಲ್ಕನೆಯ ಹಂತದಲ್ಲಿತ್ತೆಂದು ಪತಿ, ಲೇಖಕ ನಾಗರಾಜ ವಸ್ತಾರೆ ಅಂದು ಹೇಳಿದರು. ಲೋಕದಿಂದ ಮುಚ್ಚಿಟ್ಟದ್ದು ಸರಿಯೇ ಎಂದು ಕೆಲವರು ಕೇಳಿದ್ದುಂಟು. ನನಗೆ ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ ಅನ್ನಿಸುತ್ತದೆ. ಕಾಯಿಲೆ ಅವರದು, ಅವರಿಗೆ ಎಲ್ಲ ಗೊತ್ತಿತ್ತು. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗುತ್ತದೆ: ಬಸ್‌ಸ್ಟ್ಯಾಂಡಿನ ಚಹದಂಗಡಿಯವರಿಗೂ ಗೊತ್ತಿರುವ ಸಂಗತಿ ಮಂಚದ ಮೇಲಿರುವವರಿಗೆ ಮಾತ್ರ ಗೊತ್ತಿರಬಾರದು.

ಹಾಗೆಂದು ಮುಖಕ್ಕೆ ಹೊಡೆದ ಹಾಗೆ ಹೇಳಬೇಕೆಂದಲ್ಲ. ಈ ಕೆಲಸದಲ್ಲಿ ಪಳಗಿದ ವೈದ್ಯರು ಮೊದಲು ಹೇಳುವುದಿಲ್ಲ, ಕೇಳುತ್ತಾರೆ. ‘ನಿಮಗೆ ಏನನ್ನಿಸ್ತಾ ಇದೆ? ಇನ್ನೂ ಏನಾದರೂ ತಿಳ್ಕೋಬೇಕು ಅಂತಿದೆಯಾ?’ ಬೇಡ ಎಂದವರಿಗೆ ಒತ್ತಾಯವಿಲ್ಲ. ಬೇಕೆಂದವರಿಗೆ ಕೇಳಿದಷ್ಟೇ, ನಿಧಾನಕ್ಕೆ. ಮನೆಯವರೂ ಇಷ್ಟನ್ನು ಮಾಡಬಹುದು. ಸಂಜೆ ಹೊತ್ತು ಪಕ್ಕದಲ್ಲಿ ಕುಳಿತು, ಟಿ.ವಿ. ಆರಿಸಿ, ‘ಏನಪ್ಪಾ ಯೋಚ್ನೆ ಮಾಡ್ತಿದೀಯ?’ ಎಂದು ಒಂದು ಸಲ ಕೇಳಿ ಉತ್ತರಕ್ಕೆ ಕಾಯಬಹುದು. ಕಾಯುವುದೇ ಕಷ್ಟ. ನಾವು ಉತ್ತರ ಬರುವ ಮೊದಲೇ ‘ಏನೂ ಯೋಚ್ನೆ ಮಾಡ್ಬೇಡ’ ಎಂದು ಬಾಗಿಲು ಹಾಕಿಬಿಡುತ್ತೇವೆ.

ನೋವು ಕರ್ಮವಲ್ಲ

ಎಲ್ಲಕ್ಕಿಂತ ಹೆಚ್ಚು ಬರೆಯಬೇಕಾದದ್ದು ನೋವಿನ ಬಗ್ಗೆ. ಏಕೆಂದರೆ ಎಲ್ಲಕ್ಕಿಂತ ಸುಲಭವಾಗಿ ತಡೆಯಬಹುದಾದದ್ದು ಅದೇ, ಎಲ್ಲಕ್ಕಿಂತ ಹೆಚ್ಚಾಗಿ ನಾವು ಸಹಿಸಿಕೊಳ್ಳುತ್ತಿರುವುದೂ ಅದನ್ನೇ.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಒಂದು ಸರಳ ಕ್ರಮ ಹೇಳಿತು. ಕೆಳಗಿನ ಮೆಟ್ಟಿಲಲ್ಲಿ ಪ್ಯಾರಸಿಟಮಾಲ್‌ನಂಥ ಮಾತ್ರೆ, ನಡುವೆ ಕೊಡೀನ್‌ನಂಥ ಮಧ್ಯಮ ಔಷಧ, ಮೇಲೆ ಮಾರ್ಫಿನ್. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತೂ ಅದರಲ್ಲಿತ್ತು: ಮಾತ್ರೆಯನ್ನು ನೋವು ಬಂದಾಗ ಕೊಡಬಾರದು, ಬರುವ ಮುಂಚೆ, ಗಡಿಯಾರ ನೋಡಿಕೊಂಡು ಕೊಡಬೇಕು. ಬಾಯಲ್ಲಿ ನುಂಗುವ ಸಾಧಾರಣ ಮಾರ್ಫಿನ್ ಮಾತ್ರೆಯ ಬಲ ಸುಮಾರು ನಾಲ್ಕು ಗಂಟೆ. ನಾಲ್ಕು ಗಂಟೆಗೊಮ್ಮೆ ಕೊಟ್ಟರೆ ನೋವು ತಲೆ ಎತ್ತುವುದಿಲ್ಲ. ‘ತಡ್ಕೊಳ್ಳೋಷ್ಟು ತಡ್ಕೊಳ್ಲಿ, ಆಮೇಲೆ ಕೊಡಾಣ’ ಎಂದು ಉಳಿತಾಯ ಮಾಡುವ ನಮ್ಮ ಪದ್ಧತಿಯಲ್ಲಿ ಮಾತ್ರೆಯೂ ಖರ್ಚು, ನೋವೂ ಉಳಿಕೆ.

ಮಾರ್ಫಿನ್ ಎಂದೊಡನೆ ಮನೆಯವರೇ ಬೆಚ್ಚುತ್ತಾರೆ. ಚಟ ಹಿಡಿಯುತ್ತದೆ, ಬುದ್ಧಿ ಹೋಗುತ್ತದೆ, ಅದನ್ನು ಕೊಟ್ಟರೆ ಬೇಗ ಸಾಯುತ್ತಾರೆ. ತಿಳಿದ ವೈದ್ಯರ ಕೈಯಲ್ಲಿ, ನೋವಿಗೆ ತಕ್ಕ ಪ್ರಮಾಣದಲ್ಲಿ ಕೊಟ್ಟಾಗ ಈ ಮೂರೂ ಭಯಕ್ಕೆ ಆಧಾರವಿಲ್ಲ. ಮೊದಲ ಕೆಲವು ದಿನ ಮಂಪರು, ಓಕರಿಕೆ ಇರಬಹುದು, ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ಬಿಡುವುದಿಲ್ಲ. ಅದಕ್ಕೇ ಮಾರ್ಫಿನ್ ಬರೆದುಕೊಡುವ ಒಳ್ಳೆಯ ವೈದ್ಯರು ಭೇದಿಯ ಮಾತ್ರೆಯನ್ನೂ ಜೊತೆಗೇ ಬರೆದಿರುತ್ತಾರೆ. ಬರೆಯದಿದ್ದರೆ ಕೇಳಿ. ನೋವಿಲ್ಲದೆ ಒಂದು ರಾತ್ರಿ ನಿದ್ದೆ ಬಂದವರು ಬೆಳಿಗ್ಗೆ ಎದ್ದು ಒಂದು ಲೋಟ ಕಾಫಿ ಕೇಳುವುದುಂಟು, ಮೊಮ್ಮಗುವನ್ನು ಹತ್ತಿರ ಕರೆಯುವುದುಂಟು. ಆ ಔಷಧದ ಕೆಲಸ ಇಷ್ಟೇ.

ಹಾಗಾದರೆ ಇದು ಏಕೆ ಸಿಗುವುದಿಲ್ಲ? ಇಲ್ಲಿ ಸ್ವಲ್ಪ ಸಿಟ್ಟಿನಿಂದಲೇ ಹೇಳಬೇಕಾದ ಕಥೆಯಿದೆ. ಮಾರ್ಫಿನ್ ತಯಾರಾಗುವುದು ಅಫೀಮಿನಿಂದ. ಆ ಬೆಳೆಯನ್ನು ಸರ್ಕಾರದ ಪರವಾನಗಿ ಪಡೆದು ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ರೈತರು ಬೆಳೆಯುತ್ತಾರೆ, ಭಾರತ ಅದನ್ನು ಹೊರದೇಶಕ್ಕೂ ಕಳಿಸುತ್ತದೆ. ಮಾದಕವಸ್ತು ತಡೆಯಲೆಂದು 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂತು. ಕಳ್ಳಸಾಗಣೆದಾರರಿಗೆ ಅದು ಎಷ್ಟು ಬಿಸಿ ಮುಟ್ಟಿಸಿತೋ, ಆಸ್ಪತ್ರೆಗಳಂತೂ ಹೆದರಿ ಮಾರ್ಫಿನ್ ಇಡುವುದನ್ನೇ ಬಿಟ್ಟವು. ಒಂದೊಂದು ಖರೀದಿಗೂ ಹಲವು ಪರವಾನಗಿ, ಹಲವು ಇಲಾಖೆ, ಸಣ್ಣ ತಪ್ಪಿಗೂ ಜೈಲು. 1997ರ ಹೊತ್ತಿಗೆ ಇಡೀ ದೇಶದ ವೈದ್ಯಕೀಯ ಬಳಕೆ ವರ್ಷಕ್ಕೆ 18 ಕಿಲೋಗೆ ಇಳಿದಿತ್ತು. ಒಂದು ಇಡೀ ತಲೆಮಾರಿನ ವೈದ್ಯರು ಮಾರ್ಫಿನ್ ಮಾತ್ರೆಯನ್ನು ಕಣ್ಣಲ್ಲಿ ನೋಡದೆ ಓದಿ ಮುಗಿಸಿದರು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಆಯೋಗ ಲೆಕ್ಕ ಹಾಕಿದಾಗ, ನೋವಿನಲ್ಲಿರುವ ಭಾರತೀಯರಿಗೆ ಬೇಕಾದದ್ದರಲ್ಲಿ ಶೇ 4ರಷ್ಟು ಮಾತ್ರ ಇಂಥ ಔಷಧ ಸಿಗುತ್ತಿತ್ತು.

2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ಈಗ ಒಂದು ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಇದ್ದರೆ, ತರಬೇತಿಯಾದ ಒಬ್ಬ ವೈದ್ಯರಿದ್ದರೆ ಮಾರ್ಫಿನ್ ಇಡಬಹುದು, ಕೊಡಬಹುದು. ತಾಲ್ಲೂಕು ಆಸ್ಪತ್ರೆಗೂ ಇದು ಸಾಧ್ಯ. ಹಳೆಯ ಕಾನೂನು ಹೋದರೂ ಹಳೆಯ ಹೆದರಿಕೆ ಮಾತ್ರ ಹೋಗಿಲ್ಲ.

1967ರಲ್ಲಿ ಲಂಡನ್ನಿನಲ್ಲಿ ಸಾಯುವವರ ಆರೈಕೆಗೆಂದೇ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿದ್ದು ಆಮೇಲೆ ವೈದ್ಯೆಯಾದವರು. ಸಾಯುವವರ ನೋವು ದೇಹದ್ದೊಂದೇ ಅಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಲ್ಲ ಸೇರಿರುತ್ತದೆ ಎಂದು ಅವರು ಕಂಡುಕೊಂಡರು. ಮಗಳ ಮದುವೆ ಆಗಿಲ್ಲವೆಂಬ ಚಿಂತೆ ಇದ್ದವರಿಗೆ ಅದೇ ಗಡ್ಡೆ ಹೆಚ್ಚು ನೋಯುತ್ತದೆ. ಸಾವನ್ನು ಹಬ್ಬವೆಂದು ಕಂಡ ಶರಣರ ನಾಡಿನವರಿಗೆ ಇದು ಹೊಸತೆನಿಸಲಿಕ್ಕಿಲ್ಲ. ಆದರೆ ಮೈನೋವನ್ನು ಹಾಗೇ ಬಿಟ್ಟು ಅಧ್ಯಾತ್ಮ ಹೇಳಲು ಹೋಗುವುದು ಕ್ರೌರ್ಯ. ಮೊದಲು ಮಾತ್ರೆ, ಆಮೇಲೆ ಮಾತು.

ತಟ್ಟೆ, ಹಾಸಿಗೆ, ಉಸಿರು

ನಮ್ಮಲ್ಲಿ ಪ್ರೀತಿ ಕಾಣಬೇಕಾದದ್ದು ತಟ್ಟೆಯಲ್ಲಿ. ಎರಡು ಮುದ್ದೆ ಉಣ್ಣುತ್ತಿದ್ದ ಯಜಮಾನರು ಎರಡು ಚಮಚ ರಾಗಿ ಗಂಜಿಗೇ ಸಾಕು ಎಂದರೆ ಹೆಂಡತಿಗೆ ತಾನೇ ಸೋತಂತೆ. ‘ಇನ್ನೊಂದು ತುತ್ತು, ನನ್ ಮೇಲಾಣೆ’ ಎಂದು ಬಾಯಿಗೆ ತುರುಕುವುದು, ಅವರು ಮುಖ ತಿರುಗಿಸುವುದು, ಇವರು ಅಳುವುದು, ದಿನಕ್ಕೆ ಮೂರು ಹೊತ್ತೂ ಇದೇ ಜಗಳ. ಕಾಯಿಲೆ ಮುಂದುವರಿದಂತೆ ದೇಹ ಆಹಾರವನ್ನು ಬಳಸಿಕೊಳ್ಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಊಟ ಬಿಟ್ಟದ್ದರಿಂದ ಅವರು ಸಾಯುತ್ತಿಲ್ಲ. ಸಾವು ಹತ್ತಿರ ಬಂದದ್ದರಿಂದ ಊಟ ಬಿಟ್ಟಿದ್ದಾರೆ. ಇದನ್ನೊಂದು ತಿಳಿಸಿ ಹೇಳಿದರೆ ಎಷ್ಟೋ ಮನೆಗಳಲ್ಲಿ ಆ ಜಗಳ ನಿಲ್ಲುತ್ತದೆ. ಕೇಳಿದಾಗ, ಕೇಳಿದ್ದನ್ನು, ಕೇಳಿದಷ್ಟು. ಕೊನೆಯ ದಿನಗಳಲ್ಲಿ ಗ್ಲೂಕೋಸ್ ಬಾಟಲಿಯೂ ಬಹಳ ಸಲ ಉಪಕಾರಕ್ಕಿಂತ ತೊಂದರೆಯನ್ನೇ ಮಾಡುತ್ತದೆ, ಕಾಲು ಊದುತ್ತದೆ, ಎದೆಯಲ್ಲಿ ನೀರು ಸೇರುತ್ತದೆ. ಹಾಕಿಸುವುದು ರೋಗಿಗಾಗಿಯೋ, ನಾಳೆ ‘ಒಂದು ಬಾಟ್ಲೂ ಹಾಕಿಸ್ಲಿಲ್ಲ’ ಎನ್ನುವ ನೆಂಟರಿಗಾಗಿಯೋ ಎಂದು ಒಂದು ಗಳಿಗೆ ಯೋಚಿಸಬೇಕು.

ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಾಸಿಗೆಯ ಬಟ್ಟೆಯಲ್ಲಿ ಮಡಿಕೆ ಇರಬಾರದು, ಚರ್ಮ ಒದ್ದೆಯಿರಬಾರದು. ಇಷ್ಟರಿಂದಲೇ ಹಾಸಿಗೆಹುಣ್ಣನ್ನು ಬಹುಮಟ್ಟಿಗೆ ತಡೆಯಬಹುದು. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ 1973ರ ನವೆಂಬರಿನಲ್ಲಿ ತಮ್ಮ ಮೇಲೆ ನಡೆದ ಹಲ್ಲೆಯ ನಂತರ ಪ್ರಜ್ಞೆ ಮರಳದೆ 2015ರ ಮೇ ತಿಂಗಳವರೆಗೆ ಮಲಗಿದ್ದರು. ಅವರ ಹೆಸರು ನಮಗೆ ದಯಾಮರಣದ ತೀರ್ಪಿನಿಂದ ನೆನಪಿದೆ. ಅದೇ ಪ್ರಕರಣದಲ್ಲಿ ಇನ್ನೊಂದು ಸಂಗತಿಯೂ ದಾಖಲಾಗಿದೆ: ಅಷ್ಟು ದಶಕ ಮಲಗಿದ್ದ ಮೈಮೇಲೆ ಹಾಸಿಗೆಹುಣ್ಣು ಇರಲಿಲ್ಲ. ತಲೆಮಾರು ಬದಲಾದರೂ ಅಲ್ಲಿನ ನರ್ಸುಗಳು ಪಾಳಿ ಬಿಡದೆ ಅವರನ್ನು ಮಗಳಂತೆ ನೋಡಿಕೊಂಡಿದ್ದರು.

ಬಾಯಿ ಕ್ಯಾನ್ಸರಿನ ಮನೆಗಳ ಕಷ್ಟವೇ ಬೇರೆ. ಹುಣ್ಣು ಹೊರಗೆ ಒಡೆದರೆ ಬರುವ ವಾಸನೆಗೆ ನೆಂಟರು ಮಾತ್ರವಲ್ಲ, ಮಕ್ಕಳೂ ಕೋಣೆಗೆ ಬರುವುದಿಲ್ಲ; ರೋಗಿ ನಾಚಿಕೆಯಿಂದಲೇ ಅರ್ಧ ಸಾಯುತ್ತಾರೆ. ಮೆಟ್ರೋನಿಡಜೋಲ್ ಎಂಬ ಅಗ್ಗದ ಮಾತ್ರೆಯನ್ನು ಪುಡಿಮಾಡಿ ಗಾಯಕ್ಕೆ ಉದುರಿಸಿ ಕಟ್ಟಿದರೆ ಆ ವಾಸನೆ ಬಹಳ ಮಟ್ಟಿಗೆ ಇಳಿಯುತ್ತದೆ. ಪ್ಯಾಲಿಯೇಟಿವ್ ನರ್ಸುಗಳಿಗೆ ಇದು ದಿನನಿತ್ಯದ ಕೆಲಸ, ಅವರಿಂದ ಒಮ್ಮೆ ಕಲಿತರೆ ಮನೆಯವರೂ ಮಾಡಬಹುದು. ಇಲ್ಲೊಂದು ಮಾತು ಸೇರಿಸಲೇಬೇಕು, ಹೊಳಲ್ಕೆರೆ–ಹೊಸದುರ್ಗದ ತೋಟದವರಿಗೆ ಹಿಡಿಸದಿದ್ದರೂ ಸರಿ. ತಂಬಾಕು ಸೇರಿಸದ ಬರೀ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಕ್ಯಾನ್ಸರ್ ಕಾರಕವೆಂದು ಪಟ್ಟಿ ಮಾಡಿದೆ. ಬೆಳೆಯ ಬೆಲೆಯ ಬಗ್ಗೆ ಆಗುವ ಸಭೆಗಳಲ್ಲಿ ಈ ವರದಿಯ ಮಾತು ಬಂದರೆ ಕುರ್ಚಿಗಳು ಕಿರುಗುಟ್ಟುತ್ತವೆ.

ಏದುಸಿರು ಬರುವವರ ಮುಖಕ್ಕೆ ಸಣ್ಣ ಫ್ಯಾನಿನ ಗಾಳಿ ಹಾಯುವಂತೆ ಮಾಡಿದರೆ ಉಸಿರಾಟದ ಸಂಕಟ ಕಡಿಮೆಯೆನಿಸುತ್ತದೆ, ಇದನ್ನು ಪರೀಕ್ಷಿಸಿಯೇ ಕಂಡುಕೊಂಡಿದ್ದಾರೆ. ಬಾಯಿ ಒಣಗಿದರೆ ಒದ್ದೆ ಬಟ್ಟೆ, ತುಟಿಗೆ ಮನೆಯ ಕೊಬ್ಬರಿ ಎಣ್ಣೆ. ಕೊನೆಯ ಗಂಟೆಗಳಲ್ಲಿ ಗಂಟಲಿನಿಂದ ಬರುವ ಗೊರಗೊರ ಸದ್ದು ಕೇಳುವವರಿಗೆ ಭಯಂಕರ. ಆದರೆ ಪ್ರಜ್ಞೆ ತಪ್ಪಿದವರಿಗೆ ಅದು ಉಸಿರುಕಟ್ಟಿದ ಸಂಕಟವಲ್ಲ, ನುಂಗಲಾರದ ಜೊಲ್ಲು ಗಂಟಲಲ್ಲಿ ನಿಂತಿರುತ್ತದೆ. ಮಗ್ಗುಲಿಗೆ ಮಲಗಿಸಿದರೆ ಕಡಿಮೆಯಾಗುತ್ತದೆ. ಬಾಯಿಗೆ ನೀರು ಬಿಡುವ ಶಾಸ್ತ್ರ ಬಿಡಬೇಕಿಲ್ಲ, ಚಮಚದಲ್ಲಿ ಸುರಿಯುವ ಬದಲು ತುಟಿ ತೇವ ಮಾಡಿದರೆ ಶಾಸ್ತ್ರವೂ ಆಯಿತು, ನೆತ್ತಿಗೂ ಏರುವುದಿಲ್ಲ. ಕಿವಿ ಕೊನೆಯವರೆಗೂ ಕೇಳುತ್ತಿರಬಹುದು. ಮಂಚದ ಪಕ್ಕ ಮಣ್ಣಿನ ಖರ್ಚಿನ ಲೆಕ್ಕ ಮಾತಾಡುವವರನ್ನು ಜಗಲಿಗೆ ಕಳಿಸಿ.

ಚಾಪೆಯ ಮೇಲೆ ಮಲಗುವವರು

ಮಗ ದುಡ್ಡು ಕಳಿಸುತ್ತಾನೆ, ಮಗಳು ವಾರಕ್ಕೊಮ್ಮೆ ಬಂದು ಅತ್ತು ಹೋಗುತ್ತಾಳೆ, ಹೇಲು–ಉಚ್ಚೆ ಬಳಿಯುವುದು ಹೆಂಡತಿ ಇಲ್ಲವೇ ಸೊಸೆ. ಬಂದವರೆಲ್ಲ ‘ಹೇಗಿದಾರೆ?’ ಎಂದು ಕೇಳುವುದು ರೋಗಿಯ ಬಗ್ಗೆ. ಆಕೆ ಉಂಡಳೋ, ಯಾವಾಗ ಮಲಗಿದಳೋ, ಅವಳ ಬಿ.ಪಿ. ಮಾತ್ರೆ ಮುಗಿದು ಎಷ್ಟು ದಿನವಾಯಿತೋ ಕೇಳುವವರಿಲ್ಲ. ರೋಗಿಗೆ ಐದು ಲಕ್ಷದವರೆಗೆ ಆಸ್ಪತ್ರೆ ಖರ್ಚು ಕೊಡಲು ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಮನೆಗೆ ಬಂದ ಮೇಲಿನ ಡೈಪರು, ಹತ್ತಿ, ಆಟೋ, ಬಿಟ್ಟ ಕೂಲಿ, ಇವು ಯಾವ ಯೋಜನೆಯ ಲೆಕ್ಕಕ್ಕೂ ಬರುವುದಿಲ್ಲ. ಅದಕ್ಕೆ ಸಂಘದ ಸಾಲ, ಕಿವಿಯ ಓಲೆ.

ಇನ್ನೂ ಒಂದು ಸಂಗತಿ ಇದೆ, ಯಾರೂ ಬಾಯಿಬಿಟ್ಟು ಹೇಳದ್ದು. ನಿದ್ದೆಯಿಲ್ಲದ ಯಾವುದೋ ರಾತ್ರಿಯ ನಂತರ ಆಕೆಯ ಮನಸ್ಸಿಗೆ ಬರುತ್ತದೆ: ‘ದೇವ್ರೇ, ಬೇಗ ಕರ್ಕೊಂಡ್ಬಿಡಪ್ಪ.’ ಮರುಕ್ಷಣವೇ ಛೆ, ಎಂಥ ಪಾಪಿ ನಾನು ಎಂದು ಕೆನ್ನೆ ಬಡಿದುಕೊಳ್ಳುತ್ತಾಳೆ. ಆಮೇಲೆ ವರ್ಷಗಟ್ಟಲೆ ಆ ಒಂದು ಕ್ಷಣವನ್ನು ಒಳಗೇ ಇಟ್ಟುಕೊಂಡು ಸವೆಯುತ್ತಾಳೆ. ನೋಡಿಕೊಂಡವರೆಲ್ಲರಿಗೂ ಈ ಯೋಚನೆ ಬರುತ್ತದೆ, ತಾಯಿ. ಅದು ಪಾಪವಲ್ಲ, ದಣಿವು. ಮನುಷ್ಯರು ಕಣ್ಣೆದುರೇ ಸ್ವಲ್ಪಸ್ವಲ್ಪವಾಗಿ ಹೋಗುತ್ತಿರುವಾಗ ದುಃಖ ಹನ್ನೊಂದನೆಯ ದಿನಕ್ಕೆ ಕಾಯುವುದಿಲ್ಲ. ದಿನಾ ಕಿಂಚಿತ್ತು ಅತ್ತಿರುತ್ತೇವೆ. ಕೊನೆಗೆ ಹೆಣದ ಮುಂದೆ ಕಣ್ಣೀರೇ ಬರದೆ ಹೋಗಬಹುದು, ನೋಡಿದವರು ಕಲ್ಲುಮನಸ್ಸು ಅನ್ನಬಹುದು. ಅನ್ನಲಿ. ರಾತ್ರಿ ಮಾತಾ‌ಡಲು ಯಾರಾದರೂ ಬೇಕೆನಿಸಿದರೆ ಟೆಲಿ–ಮಾನಸ್‌ನ 14416ಕ್ಕೆ ಫೋನು ಮಾಡಬಹುದು, ಕನ್ನಡದಲ್ಲೇ, ದುಡ್ಡಿಲ್ಲದೆ.

ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರ ಸಂಸಾರ ನೆನಪಾಗುತ್ತದೆ. ‘ತಾಯಿ–ಮಗು’, ‘ದಾಂಪತ್ಯ ದೀಪಿಕೆ’ಗಳನ್ನು ಬರೆದು ಕನ್ನಡದ ಹೆಣ್ಣುಮಕ್ಕಳಿಗೆ ಮೈಯ ಬಗ್ಗೆ ಮಾತಾಡಲು ಕಲಿಸಿದವರು. ಪತಿ ನಿರಂಜನರಿಗೆ ಪಾರ್ಶ್ವವಾಯು ಬಡಿಯಿತು. ಆ ಸ್ಥಿತಿಯಲ್ಲೇ ಅವರು 25 ಸಂಪುಟಗಳ ‘ವಿಶ್ವಕಥಾಕೋಶ’ದ ಸಂಪಾದಕರಾಗಿ ದುಡಿದರು. ಒಂದು ಮನೆಯಲ್ಲಿ ಅಂಥ ಕೆಲಸ ನಡೆಯಬೇಕಾದರೆ ಅದರ ಹಿಂದೆ ಎಷ್ಟು ಆರೈಕೆ ಇದ್ದಿರಬೇಕೆಂದು ಮಲಗಿದವರನ್ನು ನೋಡಿಕೊಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಕಡೆಗೆ ಕ್ಯಾನ್ಸರ್ ಆದದ್ದು ಅನುಪಮಾ ಅವರಿಗೆ. 1991ರ ಫೆಬ್ರುವರಿಯಲ್ಲಿ ಅವರು ಹೋದರು, ಮುಂದಿನ ವರ್ಷದ ಮಾರ್ಚಿನಲ್ಲಿ ನಿರಂಜನರು. ನೋಡಿಕೊಳ್ಳುವವರು ಗಟ್ಟಿಯಾಗಿಯೇ ಇರುತ್ತಾರೆಂದು ನಾವು ಅಂದುಕೊಂಡಿರುತ್ತೇವೆ.

ಕಾನೂನು ಎಲ್ಲಿಯವರೆಗೆ?

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಗುಣವಾಗುವ ಆಸೆಯೇ ಇಲ್ಲದಾಗ ತನಗೆ ಕೃತಕ ಉಸಿರಾಟ ಮುಂತಾದವು ಬೇಡವೆಂದು ಆರೋಗ್ಯವಾಗಿರುವಾಗಲೇ ಬರೆದಿಡಬಹುದು. 2023ರ ಜನವರಿಯಲ್ಲಿ ಕೋರ್ಟು ಈ ವಿಧಾನವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. 2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಈ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಪತ್ರ ಬರೆದು, ಕೋರ್ಟು ಹತ್ತಿ ಹೋರಾಡಿದವರಲ್ಲಿ ಒಬ್ಬರು ನಮ್ಮ ನೆರೆಯ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ.

ಒಳ್ಳೆಯ ಆದೇಶ. ಆದರೆ ಅದು ಐಸಿಯುವಿನ ಯಂತ್ರಕ್ಕೆ ಸಂಬಂಧಿಸಿದ್ದು. ನಮ್ಮ ಕಡೆಯ ಹೆಚ್ಚಿನವರು ಕಣ್ಣುಮುಚ್ಚುವುದು ಹಟ್ಟಿಯ ಒಳಮನೆಯಲ್ಲಿ. ಅವರಿಗೆ ತೆಗೆಯಬೇಕಾದ ಯಂತ್ರವಿಲ್ಲ, ಕೊಡಬೇಕಾದ ಮಾತ್ರೆ ಇದೆ. ‘ನನ್ನನ್ನು ಸಾಯಿಸಿಬಿಡಿ’ ಎಂದು ಅಂಗಲಾಚುವವರಲ್ಲಿ ಎಷ್ಟೋ ಮಂದಿ ನೋವು ಇಳಿದ ಮೇಲೆ ಆ ಮಾತನ್ನು ಮತ್ತೆ ಆಡುವುದಿಲ್ಲ ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲರ ಅನುಭವ.

ಬಾಗಿಲಿಗೆ ಬರುವ ನರ್ಸು

ಮಾದರಿಗೆ ದೂರ ಹೋಗಬೇಕಿಲ್ಲ. 1993ರಲ್ಲಿ ಕೋಯಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು ಒಂದು ಸಣ್ಣ ಸಂಘವಾಗಿ ಶುರುಮಾಡಿದ್ದು ಮುಂದೆ ಮಲಪ್ಪುರದ ಹಳ್ಳಿಗಳಲ್ಲಿ ಜನರದೇ ಚಳವಳಿಯಾಯಿತು. ಅಂಗಡಿಯವರು, ವಿದ್ಯಾರ್ಥಿಗಳು, ನಿವೃತ್ತ ಮೇಷ್ಟ್ರುಗಳು ತರಬೇತಿ ಪಡೆದು ವಾರಕ್ಕೆರಡು ಗಂಟೆ ಮಲಗಿದವರ ಮನೆಗೆ ಹೋದರು. ಹಳ್ಳಿಯವರೇ ಚಿಲ್ಲರೆ ಕೂಡಿಸಿ ಔಷಧ ತಂದರು. 2008ರಲ್ಲಿ ಕೇರಳ ಸರ್ಕಾರ ಇದನ್ನು ನೀತಿಯಾಗಿ ಮಾಡಿ ಪಂಚಾಯಿತಿಗಳಿಗೆ ವಹಿಸಿತು. ಹಾಗಾಗಿ ಇವತ್ತು ಕಾಸರಗೋಡಿನ ಕನ್ನಡಿಗರ ಮನೆಗೆ ಪಂಚಾಯಿತಿಯ ಪ್ಯಾಲಿಯೇಟಿವ್ ನರ್ಸು ಬರುತ್ತಾರೆ. ನಾಡಿನ ಒಳಗಿರುವ ಹೊಸದುರ್ಗದ ಕನ್ನಡಿಗರಿಗೆ ಆ ಭಾಗ್ಯವಿಲ್ಲ. ಗಡಿಯಾಚೆ ಉಳಿದವರಿಗಾಗಿ ಮರುಗುವ ನಾವು ಈ ಒಂದು ವಿಷಯದಲ್ಲಿ ಅವರನ್ನು ನೋಡಿ ಕಲಿಯಬಹುದು.

ಕರ್ನಾಟಕದಲ್ಲಿ ಏನೂ ಇಲ್ಲವೆಂದಲ್ಲ. ಬೆಂಗಳೂರಿನ ಕರುಣಾಶ್ರಯ 1994ರಲ್ಲಿ ಟ್ರಸ್ಟ್ ಆಗಿ ಆರಂಭವಾಗಿ, 1999ರಿಂದ ತನ್ನದೇ ಕಟ್ಟಡದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಕಿದ್ವಾಯಿಯಲ್ಲೇ ಉಪಶಮನ ಆರೈಕೆಯ ವಿಭಾಗವಿದೆ. ಬಿಡುಗಡೆ ಮಾಡಿಸಿಕೊಂಡು ಬರುವ ಮೊದಲು ಅಲ್ಲಿ ಹೋಗಿ ಮಾತ್ರೆ, ಚೀಟಿ, ಸಲಹೆ ಪಡೆದು ಬನ್ನಿ, ಯಾರೂ ಹೇಳದಿದ್ದರೂ ಕೇಳಿಕೊಂಡು ಹೋಗಿ. ರಾಜ್ಯಕ್ಕೆ 2016ರಿಂದಲೇ ಒಂದು ಉಪಶಮನ ಆರೈಕೆ ನೀತಿಯೂ ಇದೆ. ನೀತಿ ಇದ್ದು ನರ್ಸು ಇಲ್ಲದಿದ್ದರೆ ಮಂಚದವರಿಗೆ ಏನು ಬಂತು?

ಬೇಕಾದ ಕಾಲುಗಳು ಆಗಲೇ ಹಳ್ಳಿಯಲ್ಲಿ ಓಡಾಡುತ್ತಿವೆ. ಆಶಾ ಕಾರ್ಯಕರ್ತೆಯರಿಗೆ ಯಾರ ಮನೆಯಲ್ಲಿ ಯಾರು ಮಲಗಿದ್ದಾರೆಂದು ಗೊತ್ತು. ಮನೆಬಾಗಿಲಿಗೆ ಹೋಗಿ ಬಿ.ಪಿ., ಸಕ್ಕರೆ, ಕ್ಯಾನ್ಸರ್ ತಪಾಸಣೆ ಮಾಡುವ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಗಿ ರಾಜ್ಯಕ್ಕೆ ಹಬ್ಬಿದೆ. ಕಾಯಿಲೆ ಹುಡುಕಲು ಹೋಗುವ ಅದೇ ತಂಡ, ಕಾಯಿಲೆ ಮುಗಿಸಲಾಗದವರ ನೋವು ಕೇಳಲೂ ಹೋಗಬಹುದು. ತಾಲ್ಲೂಕಿಗೆ ತರಬೇತಾದ ಒಬ್ಬ ವೈದ್ಯರು, ಇಬ್ಬರು ನರ್ಸುಗಳು, ಒಂದು ಗಾಡಿ ಸಾಕು. ಹೊಸದುರ್ಗದಲ್ಲಿ ಮಠಗಳಿಗೆ ಬರವಿಲ್ಲ. ಅನ್ನ, ಅಕ್ಷರ ಕೊಟ್ಟ ಮಠಗಳು ಹತ್ತು ಏರ್‌ಬೆಡ್ಡು, ನಾಲ್ಕು ವೀಲ್‌ಚೇರು ಕೊಳ್ಳಲಾರವೇ? ಸಾಣೇಹಳ್ಳಿಯ ಶಿವಸಂಚಾರ ವರ್ಷವರ್ಷ ನಾಡಿನ ಮೂಲೆಮೂಲೆಗೆ ನಾಟಕ ಒಯ್ಯುತ್ತದೆ. ಮಂಚದ ಮೇಲಿರುವವರಿಗೆ ಏನನ್ನೂ ಹೇಳದ ಒಂದು ಮನೆಯ ಕಥೆಯನ್ನು ಅದು ರಂಗದ ಮೇಲೆ ತಂದರೆ ಇಲಾಖೆಯ ಸಾವಿರ ಕರಪತ್ರ ಮಾಡಲಾಗದ ಕೆಲಸ ಒಂದು ರಾತ್ರಿಯಲ್ಲಿ ಆದೀತು.

ಅಲ್ಲಿಯವರೆಗೆ ಓದುಗರು ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ, ನಿಮ್ಮ ಮನೆಯಲ್ಲಿ ಇಂಥ ರೋಗಿ ಇರಲಿ ಇಲ್ಲದಿರಲಿ, ಆಡಳಿತ ವೈದ್ಯಾಧಿಕಾರಿಗಳನ್ನು ಎರಡು ಪ್ರಶ್ನೆ ಕೇಳಿ: ಇಲ್ಲಿ ಬಾಯಲ್ಲಿ ಕೊಡುವ ಮಾರ್ಫಿನ್ ಸಿಗುತ್ತದೆಯೇ? ಮಲಗಿದವರ ಮನೆಗೆ ಬರುವ ನರ್ಸು ಇದ್ದಾರೆಯೇ? ಇಲ್ಲವೆಂದರೆ ಏಕಿಲ್ಲ, ಯಾವಾಗ ಬರುತ್ತದೆ ಎಂದು ಅರ್ಜಿಯಲ್ಲಿ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ, ಒಂದು ಪ್ರತಿಯನ್ನು ನಿಮ್ಮ ಶಾಸಕರಿಗೂ ಕಳಿಸಿ.